ನರ್ಸರಿಯ ಹೈಡ್ರೇಂಜಿಯಾ: ಗಿಡಕ್ಕೆ ನಾಲ್ಕು ಸ್ಟಾರ್, ಮಣ್ಣಿಗೆ ಎರಡು

ಚಿಕ್ಕಬಳ್ಳಾಪುರದ ಹೆದ್ದಾರಿ ಪಕ್ಕದ ಈ ನರ್ಸರಿಯಲ್ಲಿ ದೊಡ್ಡ ಗೊಂಚಲು ಹೂ ಬಿಡುವ ಹೈಡ್ರೇಂಜಿಯಾ ಗಿಡಗಳು ಚೆನ್ನಾಗಿವೆ. ಬುಡದಿಂದಲೇ ಮೂರು-ನಾಲ್ಕು ಗಟ್ಟಿ ಕೊಂಬೆ, ಎಲೆಯಡಿ ನುಸಿ ಇಲ್ಲ. ತಕರಾರೆಲ್ಲ ಕವರಿನೊಳಗಿನ ಮಣ್ಣಿನದು. ಬರೀ ಕೆಮ್ಮಣ್ಣು, ಒಣಗಿದರೆ ಕಲ್ಲು, ಚಿತ್ತೆ ಮಳೆ ಹಿಡಿದರೆ ನೀರು ಬಸಿಯದೆ ಬೇರು ಕೊಳೆಯುತ್ತದೆ. ತಂದ ವಾರದೊಳಗೆ 12 ಇಂಚಿನ ಕುಂಡಕ್ಕೆ ಬದಲಿಸಿ: ಎರಡು ಪಾಲು ಕೆಮ್ಮಣ್ಣು, ಎರಡು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಅಲ್ಲೇ ಮಾರುವ ಕೊಕೊಪೀಟ್ ಇಟ್ಟಿಗೆಯನ್ನು ನೆನೆಸಿ, ಎರಡು ಸಲ ತೊಳೆದು ಹಿಂಡಿಯೇ ಬಳಸಿ. ಉಪ್ಪು ಉಳಿದರೆ ಎಲೆಯ ಅಂಚು ಕಂದಾಗಿ ಸುಟ್ಟ ಹಾಗಾಗುತ್ತದೆ.

"ಮಳೆ ಮುಗಿದ ಮೇಲೆ ಅರ್ಧಕ್ಕೆ ಕತ್ತರಿಸಿ" ಅನ್ನುವ ಅಂಗಡಿಯವರ ಸಲಹೆ ಮಾತ್ರ ಕೇಳಬೇಡಿ. ಗುಲಾಬಿಗೆ ಸರಿ, ಇದಕ್ಕಲ್ಲ. ಇಲ್ಲಿ ಸಿಗುವ ಅಗಲ ಎಲೆಯ ಮ್ಯಾಕ್ರೊಫಿಲ್ಲಾ ಜಾತಿ ಮುಂದಿನ ಹೂವಿನ ಮೊಗ್ಗನ್ನು ಚಳಿಗೆ ಮೊದಲೇ ಹಳೇ ಕೊಂಬೆಯ ತುದಿಯಲ್ಲಿ ಕಟ್ಟಿಕೊಳ್ಳುತ್ತದೆ. ಅದನ್ನೇ ಕತ್ತರಿಸಿದರೆ ಮುಂದಿನ ಸಲ ಬರೀ ಎಲೆ. ಒಣಗಿದ ಗೊಂಚಲನ್ನು ಅದರ ಕೆಳಗಿನ ಮೊದಲ ದಪ್ಪ ಜೋಡಿ ಮೊಗ್ಗಿನ ಮೇಲಕ್ಕೆ ತೆಗೆಯಿರಿ, ಸತ್ತ ಕೊಂಬೆಯನ್ನು ಬುಡಕ್ಕೆ. ದೀಪಾವಳಿಯ ಹೊತ್ತಿಗೆ ಯೂರಿಯಾ ನಿಲ್ಲಿಸಿ.

ನೀಲಿ ಎಂದು ಕೊಟ್ಟ ಗಿಡ ಗುಲಾಬಿ ಬಣ್ಣ ಬಿಟ್ಟರೆ ನರ್ಸರಿಯವರನ್ನು ಬೈಯಬೇಡಿ, ಅದು ನಮ್ಮ ಬೋರ್‌ವೆಲ್‌ನ ಗಡಸು ನೀರಿನ ಕೆಲಸ: ಮಣ್ಣು ಹುಳಿಯಾಗಿದ್ದರೆ (ಆಮ್ಲೀಯ) ಹೂ ನೀಲಿ, ಈ ನೀರು ಆ ಹುಳಿಯನ್ನು ಕಡಿಮೆ ಮಾಡುತ್ತದೆ. ಮಳೆನೀರು ಹಿಡಿದಿಟ್ಟು ಹಾಕಿ. ತಿಂಗಳಿಗೊಮ್ಮೆ 4 ಲೀಟರ್ ನೀರಿಗೆ 15 ಗ್ರಾಂ ಅಲ್ಯೂಮಿನಿಯಂ ಸಲ್ಫೇಟ್ ಕರಗಿಸಿ, ಮೊದಲೇ ಒದ್ದೆಯಾದ ಮಣ್ಣಿಗೆ. ಬಿಳಿ ತಳಿ ನೀಲಿಯಾಗದು, ಅದಕ್ಕೆ ಈ ಖರ್ಚು ದಂಡ.