ಜಡ್ಡಿ (ಜೌಗು ಕಾಡು) ದಾನದ ಸಲಹೆಗೆ ಶಿರಸಿಯ ಒಂದು ವಕೀಲರ ಆಫೀಸು: 5ಕ್ಕೆ 3 ಸ್ಟಾರ್

ಆಫೀಸಿನ ಹೆಸರು ಬೇಡ. ಹೊಗಳುವುದೂ ಇದೆ, ಬೈಯುವುದೂ ಇದೆ.

ನಮ್ಮ ತೋಟದ ಕೆಳಗೆ, ನಮ್ಮದೇ ಒಡೆತನದ ಮಾಲ್ಕಿ ಜಾಗದಲ್ಲೇ, ಒಂದು ರಾಮಪತ್ರೆ ಜಡ್ಡಿ ಇದೆ, ಅಂದರೆ ಜಾಯಿಕಾಯಿ ಜಾತಿಯ ಕಾಡುಮರಗಳ ಜೌಗು. ಬೇಸಗೆಯಲ್ಲೂ ಕಾಲು ಹೂತುಹೋಗುವ ಕೆಸರು, ಅದರಿಂದ ಮಡಚಿದ ಮಂಡಿಗಳ ಹಾಗೆ ಎದ್ದುನಿಂತ ಬೇರುಗಳು. ಅದನ್ನು ಬಸಿದು ಅಡಿಕೆ ಹಾಕುತ್ತೇವೆ, ಕೊಡಿ ಎನ್ನುವವರು ಆಗಲೇ ಬಂದು ಹೋಗಿದ್ದಾರೆ. ಅವರ ಕೈಗೆ ಹೋಗುವ ಮೊದಲು ಕಾಡು ಕಾಯುವ ಟ್ರಸ್ಟೊಂದಕ್ಕೆ ಬರೆದುಕೊಡೋಣ ಎಂದು ನನ್ನ ಆಸೆ. ಕೆನಡಾದಲ್ಲಿರುವ ತಮ್ಮನ ಮಗ ಫೋನಿನಲ್ಲಿ ಇನ್ನಷ್ಟು ಹುರುಪು ಹತ್ತಿಸಿದ: "ಅತ್ತೆ, ಇಲ್ಲಿ 1995ರಿಂದ್ಲೇ ಇದಕ್ಕೆ ಸರಕಾರದ ಯೋಜನೆ ಇದೆ. ಸೂಕ್ಷ್ಮ ಜಾಗ ಅಂತ ಸರ್ಟಿಫಿಕೇಟ್ ಕೊಟ್ಟು, ಬೆಲೆ ಅವರೇ ಖಾತ್ರಿ ಮಾಡ್ತಾರೆ. ತೆರಿಗೆ ರಿಯಾಯಿತಿ ಉಳಿದ್ರೆ ಮುಂದಿನ 10 ವರ್ಷಕ್ಕೂ ಒಯ್ಯಬಹುದು."

ವಕೀಲರು ಪೂರ್ತಿ ಕೇಳಿಸಿಕೊಂಡು, ಸುತ್ತುಬಳಸದೆ ಹೇಳಿದರು. "ಅಕ್ಕೋರೇ, ನಮ್ಮಲ್ಲಿ ದಾನಕ್ಕೆ ತೆರಿಗೆ ರಿಯಾಯಿತಿ ಸಿಗೋದು ದುಡ್ಡು ಕೊಟ್ರೆ ಮಾತ್ರ. ಜಮೀನಿಗೆ ಇಲ್ಲ. ಮೇಲಿಂದ ಮುದ್ರಾಂಕ ಶುಲ್ಕ ಬೇರೆ. ಮಕ್ಕಳಿಗೆ ಬರೆದುಕೊಡೋ ಹಾಗೆ ಅಗ್ಗ ಅಲ್ಲ, ಕ್ರಯಪತ್ರದ ದರವೇ." ಒಂದು ಸ್ಟಾರ್ ಈ ಮಾತಿಗೇ. ಆಸೆ ಹುಟ್ಟಿಸಿ ಫೀಸು ಎಳೆಯುವವರೇ ಜಾಸ್ತಿ ಇರುವ ಕಾಲ.

ಪಹಣಿ ಓದಿದ ರೀತಿಯೂ ಚೆನ್ನಾಗಿತ್ತು. 9ನೇ ಕಾಲಮ್ಮಿನ ಹೆಸರು, 11ನೇದರ ಸೊಸೈಟಿ ಸಾಲ, ಎಲ್ಲಕ್ಕೂ ಪೆನ್ಸಿಲಿನಲ್ಲಿ ಗುರುತು. ತೋಟಕ್ಕೆ ಸೊಪ್ಪು ತರಲು ಬಿಟ್ಟ ಸೊಪ್ಪಿನ ಬೆಟ್ಟವನ್ನು ಮಾತ್ರ ದಾನದಲ್ಲಿ ಸೇರಿಸಲಾಗದು. ಸೊಪ್ಪು, ದರಕು (ಒಣ ಎಲೆ) ತರುವ ಹಕ್ಕು ನಮ್ಮದು, ನೆಲ ಸರಕಾರದ್ದು. ಜಡ್ಡಿಗೆ ನೀರು ಇಳಿಯುವುದೇ ಆ ಬೆಟ್ಟದಿಂದ! ದಾನವೇ ಬೇಡವೆಂದರೆ ವನ್ಯಜೀವಿ ಕಾಯ್ದೆಯಲ್ಲಿ ಸಮುದಾಯ ಮೀಸಲು ಎಂಬ ದಾರಿಯೂ ಇದೆಯಂತೆ, ಖಾಸಗಿ ಜಾಗಕ್ಕೂ, ಒಡೆತನ ಬಿಡದೆ. ಕೊಕ್ಕರೆ ಬೆಳ್ಳೂರು 2007ರಲ್ಲಿ ಹಾಗಾಗಿದ್ದು.

ಇನ್ನು ಬೈಗುಳ. ದಾನಪತ್ರದ ಕರಡು ಬರೆದವರು ಅಲ್ಲಿನ ಬಾಂಡ್ ರೈಟರ್. ಯಾರದೋ ಮನೆ ದಾನದ ಹಳೇ ಕರಡಿಗೆ ನಮ್ಮ ಸರ್ವೆ ನಂಬರು ಅಂಟಿಸಿದ್ದಾರೆ. ಪೂರ್ವಕ್ಕೆ "ಪಂಚಾಯತ ರಸ್ತೆ" ಅಂತೆ, ಅಲ್ಲಿರುವುದು ಹಳ್ಳ. ಕೆಳಗೆ "ನಿಧಿ, ನಿಕ್ಷೇಪ, ಜಲ, ತರು, ಪಾಷಾಣ ಸಹಿತ ತಮ್ಮ ಇಷ್ಟಾನುಸಾರ ಅನುಭವಿಸಿಕೊಂಡು ಬರತಕ್ಕದ್ದು." ಇಷ್ಟಾನುಸಾರವಂತೆ! ಇದಕ್ಕೆ ಸಹಿ ಹಾಕಿದರೆ ನಾಳೆ ಟ್ರಸ್ಟಿನವರೇ ಗರಗಸ ತಂದರೂ ಬಾಯಿ ಮುಚ್ಚಿಕೊಂಡಿರಬೇಕು. ಜಡ್ಡಿ ಉಳಿಸುವ ಒಂದು ಸಾಲೂ ಅದರಲ್ಲಿಲ್ಲ.

ಗಲಾಟೆ ಮಾಡಿದೆ. ಕೊನೆಗೆ ವಕೀಲರೇ ಕೂತು ತಿದ್ದಿದರು: ಜಡ್ಡಿ ಬಸಿದರೆ, ಮರ ಕಡಿದರೆ ದಾನ ರದ್ದು. "ನನಗೆ ಬೇಕಾದಾಗ ವಾಪಸ್" ಎಂದು ಬರೆಸಲು ಹೋದರೆ ದಾನವೇ ಅನೂರ್ಜಿತವಾಗುತ್ತದಂತೆ. ದಾನಿಯ ಮರ್ಜಿಗೆ ಸೇರದ, ಇಂಥದ್ದೇ ಎಂದು ತೋರಿಸಬಹುದಾದ ಷರತ್ತು ಬೇಕು, ಅದೂ ಎರಡೂ ಕಡೆಯವರು ಒಪ್ಪಿದ್ದು. ಇದನ್ನು ಮೊದಲೇ ಆ ಬಾಂಡ್ ರೈಟರಿಗೆ ಹೇಳಿದ್ದರೆ ನನ್ನ ಬಸ್ ಚಾರ್ಜು ಉಳಿಯುತ್ತಿತ್ತು.

ಸಲಹೆಗೆ ಸಾವಿರ ರೂಪಾಯಿ, ಕರಡಿಗೆ ಬೇರೆ. ರಸೀದಿ ಕೇಳಿದ ಮೇಲಷ್ಟೇ ಬಂತು. ಸರ್ವೆ ನಂಬರಿನ ಒಂದು ತುಂಡು ಮಾತ್ರ ಕೊಡುವವರು 11ಇ ನಕ್ಷೆಗೆ (ಆ ತುಂಡನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಮೊದಲೇ ಅರ್ಜಿ ಹಾಕಿಕೊಂಡು ಹೋಗಿ. ಸಂತೆ ದಿನ ಬೇಡ, ವಕೀಲರು ಸಿಗುವುದಿಲ್ಲ, ಬಾಂಡ್ ರೈಟರ್ ಮಾತ್ರ ಇರುತ್ತಾರೆ.