ಡೀಸೆಲ್ ಇಂಜಿನ್ ಹಾಕಿಸಿದ ಅಂಬಾಸಿಡರ್‌ಗೆ ಮೂರು ಜೊತೆ ಮೌಂಟಿಂಗ್ ರಬ್ಬರ್ ಹಾಕಿ ನೋಡಿದೆ

ನಮ್ಮ ಮನೆಯದು ಹಳೆಯ ಪೆಟ್ರೋಲ್ ಅಂಬಾಸಿಡರ್. ಅದರ 1489 ಸಿಸಿ ಇಂಜಿನ್ ಇಳಿಸಿ, ಇಸುಜು 2.0 ಡೀಸೆಲ್ ಹಾಕಿಸಿ ಒಂದು ವರ್ಷವಾಯಿತು. ಮೊದಲೇ ಬಳ್ಳಾರಿ ಆರ್‌ಟಿಒ ಅನುಮತಿ ತಗೊಂಡಿದ್ದೆ, ಆರ್‌ಸಿಯಲ್ಲಿ ಹೊಸ ಇಂಜಿನ್ ನಂಬರ್ ಸೇರಿದೆ. ಇಂಜಿನ್ ಎಳೆತ ಚೆನ್ನಾಗಿದೆ, ಆ ಬಗ್ಗೆ ದೂರಿಲ್ಲ. ದೂರು ಇದ್ದದ್ದು ನಡುಕದ ಮೇಲೆ. ಗಾಡಿ ಸಿಗ್ನಲ್‌ನಲ್ಲಿ ನಿಂತರೆ ಸ್ಟೇರಿಂಗ್, ಸೀಟು, ಬಾಗಿಲ ಗಾಜು ಎಲ್ಲಾ ಅದುರುತ್ತಿದ್ದವು. ತೋರಣಗಲ್ಲು ರಸ್ತೆಯಲ್ಲಿ ಅದಿರು ಲಾರಿಗಳ ಹಿಂದೆ ಸಾಲಲ್ಲಿ ನಿಂತಾಗ ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಡಿಯ ನಂಬರ್ ಓದಲು ಆಗುತ್ತಿರಲಿಲ್ಲ. ಅಮ್ಮ ಸಂಡೂರಿಗೆ ಹೋಗಿ ಬಂದರೆ ಸಂಜೆ ಬೆನ್ನು ಹಿಡಿದುಕೊಂಡು ಕೂರುತ್ತಿದ್ದರು. ಅವರಿಗೋಸ್ಕರವೇ ಇಷ್ಟೆಲ್ಲ ಓಡಾಡಿದೆ.

ಇಂಜಿನ್ ಕೂರಿಸಿದ ಮೇಸ್ತ್ರಿ ಪೆಟ್ರೋಲ್ ಇಂಜಿನ್‌ನ ಹಳೆಯ ಮೌಂಟಿಂಗ್ ರಬ್ಬರನ್ನೇ (ಇಂಜಿನ್ ಕೂರುವುದು ಇದರ ಮೇಲೆಯೇ) ಇಟ್ಟು, ಬ್ರಾಕೆಟ್ ಮಾತ್ರ ಕತ್ತರಿಸಿ ವೆಲ್ಡಿಂಗ್ ಮಾಡಿದ್ದರು. ರಬ್ಬರ್ ಬಿಸಿಲಿಗೂ ಇಂಜಿನ್ ಕಾವಿಗೂ ಒಣಗಿ ಕಲ್ಲಿನಂತಾಗಿತ್ತು. ಬ್ರಾಕೆಟ್ ಬೇರೆ ಸ್ವಲ್ಪ ಆಚೀಚೆ ಆಗಿ, ಒಂದು ಕಡೆಯ ರಬ್ಬರ್ ಪಕ್ಕಕ್ಕೆ ಎಳೆದುಕೊಂಡು ನಿಂತಿತ್ತು. ನಡುಕ ಇದೆ ಎಂದರೆ ಐಡ್ಲಿಂಗ್, ಅಂದರೆ ಗಾಡಿ ನಿಂತಾಗಿನ ಇಂಜಿನ್ ವೇಗ, ಏರಿಸಿ ಕೊಟ್ಟರು. ಆಗ ಕಡಿಮೆಯಾದಂತೆ ಅನ್ನಿಸಿತು, ಆದರೆ ರೋಗ ಇದ್ದಲ್ಲೇ ಇತ್ತು, ನಿಂತ ಕಡೆ ಡೀಸೆಲ್ ಸುಮ್ನೆ ಉರಿಯುತ್ತಿತ್ತು.

ಐಡ್ಲಿಂಗ್ ಏರಿಸಿದರೆ ಯಾಕೆ ಕಡಿಮೆಯಾಗುತ್ತದೆ ಅಂತ ತಿಳಿದ ಮೇಲೆಯೇ ನನಗೆ ವಿಷಯ ಅರ್ಥವಾಗಿದ್ದು. ನಾಲ್ಕು ಸಿಲಿಂಡರ್ ಇಂಜಿನ್ ಒಂದು ಸುತ್ತಿಗೆ ಎರಡು ಸಲ ಒದೆಯುತ್ತದೆ, ಅಂದರೆ 750 ಆರ್‌ಪಿಎಂನಲ್ಲಿ (ನಿಮಿಷಕ್ಕೆ 750 ಸುತ್ತು) ಸೆಕೆಂಡಿಗೆ 25 ಒದೆತ. ರಬ್ಬರ್ ಮೇಲೆ ಕೂತ ಇಂಜಿನ್‌ಗೂ ಉಯ್ಯಾಲೆಯ ಹಾಗೆ ತನ್ನದೇ ಒಂದು ತೂಗಾಟದ ಲೆಕ್ಕ ಇರುತ್ತದೆ. ಆ ತೂಗಾಟ ಸೆಕೆಂಡಿಗೆ ಸುಮಾರು 17ಕ್ಕಿಂತ ಕಡಿಮೆ ಇದ್ದರೆ ಮಾತ್ರ ರಬ್ಬರ್ ಈ 25 ಒದೆತವನ್ನು ನುಂಗಲು ಶುರುಮಾಡುತ್ತದೆ, ಇನ್ನೂ ಕಡಿಮೆಯಾದಷ್ಟೂ ಒಳ್ಳೆಯದು. ರಬ್ಬರ್ ಗಟ್ಟಿಯಾದಷ್ಟೂ ಆ ಲೆಕ್ಕ ಮೇಲೆ ಹೋಗಿ ಒದೆತದ ಲೆಕ್ಕಕ್ಕೆ ಹತ್ತಿರವಾಗುತ್ತದೆ, ಆಗ ನಡುಕ ಕಡಿಮೆಯಾಗುವ ಬದಲು ಜಾಸ್ತಿಯೇ ಆಗುತ್ತದೆ. ಐಡ್ಲಿಂಗ್ ಏರಿಸಿದರೆ ಒದೆತದ ಲೆಕ್ಕ ಮೇಲೆ ಹೋಗಿ ಎರಡೂ ದೂರವಾಗುತ್ತವೆ, ಅದಕ್ಕೇ ನಡುಕ ಕಡಿಮೆಯಾದಂತೆ ಅನ್ನಿಸಿದ್ದು. ಡೀಸೆಲ್ ಇಂಜಿನ್ ಗಾಳಿಯನ್ನು ಪೆಟ್ರೋಲ್‌ಗಿಂತ ಎರಡು ಪಟ್ಟು ಜಾಸ್ತಿ ಅದುಮುತ್ತದೆ, ಹಾಗಾಗಿ ಒಂದೊಂದು ಒದೆತವೂ ಬಲವಾಗಿರುತ್ತದೆ. ಸಾಲದ್ದಕ್ಕೆ ಅಂಬಾಸಿಡರ್‌ಗೆ ಜೀಪಿನ ಹಾಗೆ ಬೇರೆ ಚಾಸಿ (ಬಾಡಿಯ ಕೆಳಗಿನ ಚೌಕಟ್ಟು) ಇಲ್ಲ, ನಡುಕ ನೇರ ಬಾಡಿಗೇ ಇಳಿಯುತ್ತದೆ.

ಇದೆಲ್ಲ ತಿಳಿಯುವ ಮೊದಲೇ ಆನ್‌ಲೈನ್‌ನಲ್ಲಿ ಪಾಲಿಯುರೆಥೇನ್ (ರಬ್ಬರಿನಂಥ ಗಟ್ಟಿ ಪ್ಲಾಸ್ಟಿಕ್) ಮೌಂಟ್ ತರಿಸಿಬಿಟ್ಟಿದ್ದೆ. ಕೆಂಪು ಬಣ್ಣ, ನೋಡಲು ಚೆಂದ, ಎಣ್ಣೆ ಬಿದ್ದರೂ ಸುಲಭಕ್ಕೆ ಹಾಳಾಗುವುದಿಲ್ಲ. ಗಟ್ಟಿತನವನ್ನು ಶೋರ್ ಎ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಮಾಮೂಲಿ ಮೌಂಟಿಂಗ್ ರಬ್ಬರ್ 50, 60ರ ಆಸುಪಾಸು ಇರುತ್ತದೆ, ಇದು 80. ಹಾಕಿಸಿದ ದಿನ ಕ್ಲಚ್ ಬಿಟ್ಟಾಗ ಇಂಜಿನ್ ಜೋಲಿ ಹೊಡೆಯುವುದು ನಿಂತಿತು, ಗೇರ್ ಖಡಕ್ಕಾಗಿ ಬೀಳುತ್ತಿತ್ತು. ನಡುಕ ಮಾತ್ರ ಮೊದಲಿಗಿಂತ ಕೆಟ್ಟದಾಯಿತು. ಡ್ಯಾಶ್‌ಬೋರ್ಡ್ ಗುಂಯ್ ಅನ್ನಲು ಶುರು. ರೇಸ್ ಗಾಡಿಗೆ ಇದು ಸರಿ ಇರಬಹುದು, ಮನೆಯವರನ್ನು ಕೂರಿಸಿಕೊಂಡು ಓಡಾಡುವ ಗಾಡಿಗೆ ಬೇಡವೇ ಬೇಡ.

ಕೊನೆಗೆ ಅದನ್ನು ಬಿಚ್ಚಿಕೊಂಡು ಮೋತಿ ಸರ್ಕಲ್ ಕಡೆ ಒಂದು ಹಳೆಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಕೌಂಟರ್‌ನಲ್ಲಿದ್ದ ಹಿರಿಯರು ಹೆಬ್ಬೆರಳಲ್ಲಿ ಒತ್ತಿ ನೋಡಿದರು. "ಇದು ಬಗ್ಗಂಗೇ ಇಲ್ಲಲ್ಲ ತಮ್ಮಾ, ಇಂಜಿನ್ ನಡುಕ ಎಲ್ಲಿಗೆ ಹೋಗಬೇಕು?" ಅಂದರು. ಇಸುಜು ಡೀಸೆಲ್ ಇಂಜಿನ್ ಇರುವ ಅಂಬಾಸಿಡರ್ ಕಂಪನಿಯಿಂದಲೇ ಬರುತ್ತಿತ್ತು, ಹಾಗಾಗಿ ಅದರದೇ ಮಾದರಿಯ ರಬ್ಬರ್ ತಗೋ, ಬ್ರಾಕೆಟ್ಟೂ ಅದರದೇ ಹುಡುಕು, ಎರಡೂ ಬೇರೆ ಬೇರೆ ಕಡೆಯದು ಮಾಡಬೇಡ ಎಂದು ಹೇಳಿ, ಮುಂದಿನ ಎರಡರ ಜೊತೆ ಗೇರ್‌ಬಾಕ್ಸ್ ಕೆಳಗಿನದನ್ನೂ ಕೊಟ್ಟರು. ಆಧುನಿಕ ಕಾರುಗಳ ಎಣ್ಣೆ ತುಂಬಿದ ಮೌಂಟ್ ಹಾಕಬಹುದಾ ಎಂದು ಕೇಳಿದೆ. ಅದನ್ನು ಕೂರಿಸುವ ದಿಕ್ಕು, ಹೊರುವ ತೂಕ ಎಲ್ಲಾ ಆ ಕಾರಿಗೇ ಹೊಂದಿಸಿ ಮಾಡಿರುತ್ತಾರೆ, ಒಳಗಿನ ಎಣ್ಣೆ ಸೋರಿದರೆ ಮುಗೀತು ಎಂದರು. ದುಬಾರಿ ಮಾಲು ಮಾರುವ ಅವಕಾಶ ಇದ್ದರೂ ಬೇಡ ಅಂದರಲ್ಲ, ಆ ಒಂದು ಮಾತಿಗೇ ಈ ಅಂಗಡಿಗೆ ಪೂರ್ತಿ ಅಂಕ ಕೊಡುತ್ತೇನೆ. ಬಿಲ್ ಕೂಡ ಪಾಲಿಯುರೆಥೇನ್‌ಗೆ ಕೊಟ್ಟದ್ದರ ಅರ್ಧಕ್ಕಿಂತ ಕಡಿಮೆ.

ಕೂರಿಸುವಾಗ ಬೇರೆ ಗ್ಯಾರೇಜ್‌ನವರು ಒಂದು ಕೆಲಸ ಮಾಡಿದರು, ನೀವೂ ಕೇಳಿ ಮಾಡಿಸಿ. ಬೋಲ್ಟ್‌ಗಳನ್ನು ಕೈಬಿಗಿ ಮಾತ್ರ ಮಾಡಿ, ಇಂಜಿನ್ ಕೆಲವು ನಿಮಿಷ ಐಡ್ಲಿಂಗ್‌ನಲ್ಲಿ ಓಡಿಸಿ, ಅದು ತಾನಾಗಿ ತನ್ನ ಜಾಗಕ್ಕೆ ಕೂತ ಮೇಲೆ ಪೂರ್ತಿ ಬಿಗಿ ಮಾಡಿದರು. ರಬ್ಬರ್ ತಿರುಚಿಕೊಂಡು ನಿಲ್ಲುವುದು ಇದರಿಂದ ತಪ್ಪಿತು. ಆದರೂ ಕಾಲಡಿ ಒಂದು ಸಣ್ಣ ನಡುಕ ಉಳಿದಿತ್ತು. ಕೆಳಗೆ ಮಲಗಿ ನೋಡಿದರೆ ಸೈಲೆನ್ಸರ್ ಪೈಪ್ ಬಾಡಿಗೆ ತಾಗುತ್ತಿತ್ತು! ಒಂದು ಬೆರಳು ಜಾಗ ಬಿಡಿಸಿ, ಪೈಪ್ ನೇತುಹಾಕುವ ರಬ್ಬರ್ ಬದಲಿಸಿದ ಮೇಲೆ ಅದೂ ಹೋಯಿತು. ಬಹಳ ಜನ ಮೌಂಟಿಂಗ್ ಮೇಲೆ ಮೌಂಟಿಂಗ್ ಬದಲಿಸುತ್ತಾರೆ, ಪೈಪ್ ಕಡೆ ನೋಡುವುದೇ ಇಲ್ಲ ಅಲ್ವಾ. ಓಡುವಾಗ ಒಂದು ವೇಗಕ್ಕೆ ಮಾತ್ರ ನಡುಕ ಬಂದರೆ ಅದು ಟೈರ್ ಅಥವಾ ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನದು ಇರಬಹುದು, ರಬ್ಬರ್‌ಗೆ ದುಡ್ಡು ಹಾಕುವ ಮೊದಲು ಅದನ್ನು ನೋಡಿಸಿ.

ಈಗ ಐಡ್ಲಿಂಗ್ ಮತ್ತೆ 750ಕ್ಕೆ ಇಳಿಸಿದ್ದೇನೆ, ಕನ್ನಡಿಯಲ್ಲಿ ನಂಬರ್ ಓದಬಹುದು. ಮೆತ್ತನೆಯ ರಬ್ಬರ್‌ಗೆ ಕೊರತೆಯೂ ಇದೆ: ಇಂಜಿನ್ ಜಾಸ್ತಿ ಅಲ್ಲಾಡುತ್ತದೆ, ಫ್ಯಾನ್‌ಗೂ ರೇಡಿಯೇಟರ್‌ಗೂ ನಡುವೆ ಜಾಗ ಸಾಕಷ್ಟಿದೆಯಾ ನೋಡಿಕೊಳ್ಳಬೇಕು. ಎಣ್ಣೆ ಬಿದ್ದರೆ ರಬ್ಬರ್ ಉಬ್ಬಿ ಕೆಡುತ್ತದೆ, ಅದಕ್ಕೆ ಮೊದಲು ಸೋರಿಕೆ ನಿಲ್ಲಿಸಿದೆ. ನಮ್ಮ ಬಳ್ಳಾರಿ ಬೇಸಿಗೆ ಗೊತ್ತಲ್ಲ, ಸೈಲೆನ್ಸರ್ ಕಡೆಯ ರಬ್ಬರ್‌ಗೆ ತಗಡಿನ ಮರೆಯನ್ನೂ ಕಟ್ಟಿಸಿದ್ದೇನೆ. ಹೋದ ವಾರ ಅಮ್ಮ ಸಂಡೂರಿಗೆ ಹೋಗಿ ಬಂದರು, ದಾರಿಯಲ್ಲಿ ಅರ್ಧ ಗಂಟೆ ನಿದ್ದೆ ಮಾಡಿದರು.