ಟಾಕ್ಸ್ ಬಳಸಿ ಹಲವು ವರ್ಷ: ಟೆಸ್ಟ್ ಪಾಸಾದರೆ ಪ್ಯಾಕೇಜು ಸರಿಯಿದೆಯೇ?

ಪೈಥಾನ್ ಪ್ಯಾಕೇಜುಗಳ ಪರೀಕ್ಷೆಗೆ ನಾನು ಟಾಕ್ಸ್ (tox) ಎಂಬ ಸಾಧನವನ್ನು ಅದರ ಮೂರನೆಯ ಆವೃತ್ತಿಯ ಕಾಲದಿಂದಲೂ ಬಳಸುತ್ತಿದ್ದೇನೆ. ಟೆಸ್ಟುಗಳನ್ನು ಓಡಿಸಲು ಪೈಟೆಸ್ಟ್ ಒಂದೇ ಸಾಕಲ್ಲವೇ, ಅದರ ಮೇಲೆ ಇನ್ನೊಂದು ಪದರ ಏಕೆ ಎಂದು ಹೊಸಬರು ಕೇಳುವುದುಂಟು. ಟಾಕ್ಸ್ ಮೊದಲು ನಮ್ಮ ಕೋಡಿನಿಂದ ಪ್ಯಾಕೇಜನ್ನು ಕಟ್ಟುತ್ತದೆ. ಪ್ರತಿ ಪೈಥಾನ್ ಆವೃತ್ತಿಗೂ ಪ್ರತ್ಯೇಕ ವರ್ಚುವಲ್ ಎನ್ವಿರಾನ್‌ಮೆಂಟ್ (ಉಳಿದವುಗಳಿಂದ ಬೇರ್ಪಟ್ಟ ಪೈಥಾನ್ ಪರಿಸರ) ಸಿದ್ಧಪಡಿಸಿ, ಬಳಕೆದಾರರು ಇನ್‌ಸ್ಟಾಲ್ ಮಾಡಿಕೊಳ್ಳುವ ರೀತಿಯಲ್ಲೇ ಅದನ್ನು ಅಲ್ಲಿ ಇನ್‌ಸ್ಟಾಲ್ ಮಾಡಿ, ಆಮೇಲಷ್ಟೇ ಪೈಟೆಸ್ಟನ್ನು ಕರೆಯುತ್ತದೆ. ನನ್ನ ಮಟ್ಟಿಗೆ ಈ ಸಾಧನದ ಬೆಲೆ ಇರುವುದೇ ಈ ಪೂರ್ವಸಿದ್ಧತೆಯಲ್ಲಿ.

ಉದಾಹರಣೆಗೆ, ಕೋಡು ಓದುವ ಒಂದು ಜೇಸನ್ ದತ್ತಾಂಶ ಕಡತವನ್ನು ಪ್ಯಾಕೇಜಿನೊಳಗೆ ಸೇರಿಸಲು ಮರೆತಿದ್ದರೆ, ಡೆವಲಪರ್‌ನ ಫೋಲ್ಡರಿನಲ್ಲಿ ಆ ಕಡತ ಇದ್ದೇ ಇರುವುದರಿಂದ ಬರಿಯ ಪೈಟೆಸ್ಟ್ ಎಲ್ಲವೂ ಸರಿಯಿದೆ ಎನ್ನುತ್ತದೆ. ಟಾಕ್ಸ್‌ನಲ್ಲಿ ಮಾತ್ರ ಕಡತ ಸಿಗಲಿಲ್ಲ ಎಂಬ ದೋಷ ಕೂಡಲೇ ಕಾಣುತ್ತದೆ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಪ್ಯಾಕೇಜಿನ ಕೋಡು ಪ್ರಾಜೆಕ್ಟಿನ ಮೂಲ ಫೋಲ್ಡರಿನಲ್ಲೇ ಇದ್ದು, ಟೆಸ್ಟುಗಳ ಫೋಲ್ಡರಿನಲ್ಲಿ ಇನಿಟ್ ಕಡತವೂ (__init__.py) ಇದ್ದರೆ, ಪೈಟೆಸ್ಟ್ ತನ್ನ ಡೀಫಾಲ್ಟ್ ಕ್ರಮದಂತೆ ಆ ಮೂಲ ಫೋಲ್ಡರನ್ನು ಪೈಥಾನ್ ಮಾಡ್ಯೂಲುಗಳನ್ನು ಹುಡುಕುವ ಇಂಪೋರ್ಟ್ ಹಾದಿಯ ಮೊದಲಿಗೇ ಸೇರಿಸುತ್ತದೆ. ಆಗ ಇನ್‌ಸ್ಟಾಲ್ ಆದ ಪ್ರತಿಯನ್ನು ಬಿಟ್ಟು ಪಕ್ಕದಲ್ಲಿರುವ ಕೋಡನ್ನೇ ಪರೀಕ್ಷಿಸಿದಂತಾಗಿ, ಟಾಕ್ಸ್ ಪಟ್ಟ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಕೋಡನ್ನು ಮೂಲ ಫೋಲ್ಡರಿನಲ್ಲಿ ನೇರವಾಗಿ ಇಡದೆ ಎಸ್‌ಆರ್‌ಸಿ (src) ಎಂಬ ಒಳಫೋಲ್ಡರಿನಲ್ಲಿ ಇಡುವ ಪದ್ಧತಿಯಿಂದ ಈ ತೊಂದರೆ ತಪ್ಪುತ್ತದೆ.

ಟಾಕ್ಸ್ ತಾನಾಗಿ ಹಿಡಿಯಲಾರದ ದೋಷವೊಂದಿದ್ದು, ಅದರ ಬಗ್ಗೆ ಸಾಕಷ್ಟು ಚರ್ಚೆಯಾಗಿಲ್ಲವೆಂದು ನನಗೆ ಅನಿಸುತ್ತದೆ. ಪ್ಯಾಕೇಜಿನ ಅವಲಂಬನೆಗಳೂ (ಅದಕ್ಕೆ ಬೇಕಾದ ಇತರ ಲೈಬ್ರರಿಗಳು) ಟೆಸ್ಟಿಗೆ ಮಾತ್ರ ಬೇಕಾದ ಅವಲಂಬನೆಗಳೂ ಒಂದೇ ಎನ್ವಿರಾನ್‌ಮೆಂಟಿಗೆ ಹೋಗಿ ಕೂರುತ್ತವೆ. ನಮ್ಮ ಕೋಡು ರಿಕ್ವೆಸ್ಟ್ಸ್ ಎಂಬ ಲೈಬ್ರರಿಯನ್ನು ಇಂಪೋರ್ಟ್ ಮಾಡುತ್ತದೆ, ಆದರೆ ಅದರ ಹೆಸರು ಪ್ಯಾಕೇಜಿನ ಅವಲಂಬನೆಗಳ ಪಟ್ಟಿಯಲ್ಲಿಲ್ಲ ಎಂದಿಟ್ಟುಕೊಳ್ಳಿ. ಟೆಸ್ಟಿಗಾಗಿ ಹಾಕಿಕೊಂಡ ರೆಸ್ಪಾನ್ಸಸ್ ಎಂಬ ಲೈಬ್ರರಿ ರಿಕ್ವೆಸ್ಟ್ಸ್ ಅನ್ನು ತಾನೇ ಜೊತೆಗೆ ತರುವುದರಿಂದ ಟೆಸ್ಟುಗಳೆಲ್ಲ ಪಾಸಾಗುತ್ತವೆ, ಪ್ಯಾಕೇಜು ಬಿಡುಗಡೆಯಾಗುತ್ತದೆ, ಹಾಗೂ ಅದನ್ನು ಇನ್‌ಸ್ಟಾಲ್ ಮಾಡಿಕೊಂಡ ಬಳಕೆದಾರರಿಗೆ ಮೊದಲ ಇಂಪೋರ್ಟಿನಲ್ಲೇ ದೋಷ ಎದುರಾಗುತ್ತದೆ. ಆದ್ದರಿಂದ ಟೆಸ್ಟಿನ ಯಾವ ಅವಲಂಬನೆಯೂ ಇಲ್ಲದ, ಪ್ಯಾಕೇಜಿನ ಮಾಡ್ಯೂಲುಗಳನ್ನು ಇಂಪೋರ್ಟ್ ಮಾಡಿ ನೋಡುವ ಕೆಲಸವಷ್ಟೇ ಇರುವ ಇನ್ನೊಂದು ಎನ್ವಿರಾನ್‌ಮೆಂಟನ್ನು ನಾನು ಪ್ರತಿ ಪ್ರಾಜೆಕ್ಟಿನಲ್ಲೂ ಇಡುತ್ತೇನೆ. ನಾಲ್ಕೈದು ಸಾಲಿನ ಈ ಸಂರಚನೆ ಟಾಕ್ಸ್‌ನ ಆರಂಭಿಕ ಮಾದರಿಯಲ್ಲೇ ಇರಬೇಕಿತ್ತು.

2022ರ ಡಿಸೆಂಬರಿನಲ್ಲಿ ಬಂದ ನಾಲ್ಕನೆಯ ಆವೃತ್ತಿ ಬಹುಮಟ್ಟಿಗೆ ಹೊಸದಾಗಿ ಬರೆದದ್ದು. ಹೊರಗಿನ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು ಒಳಗೆ ಬಿಡುವ ಪಾಸ್‌ಎನ್ವ್ ಸಾಲಿನಲ್ಲಿ ಹೆಸರುಗಳ ನಡುವೆ ಬರೀ ಜಾಗ ಬಿಟ್ಟು ಬರೆಯುವುದು ಅಂದಿನಿಂದ ನಡೆಯುವುದಿಲ್ಲ. ಯಾವ ಹೊರಗಿನ ಆಜ್ಞೆಗಳನ್ನು ಓಡಿಸಬಹುದು ಎಂದು ಹೇಳುವ ಸೆಟ್ಟಿಂಗಿನ ವೈಟ್‌ಲಿಸ್ಟ್ ಎಂಬ ಹಳೆಯ ಹೆಸರು ಹೋಗಿ ಅಲೌಲಿಸ್ಟ್ ಎಂಬುದಷ್ಟೇ ಉಳಿಯಿತು. ಹಳೆಯ ಪ್ರಾಜೆಕ್ಟುಗಳಿಗೆ ಇದು ಕಿರಿಕಿರಿಯೇ ಹೌದು, ಆದರೂ ಅವಲಂಬನೆಗಳನ್ನು ಪಟ್ಟಿಮಾಡುವ ರಿಕ್ವೈರ್‌ಮೆಂಟ್ಸ್ ಕಡತ ಬದಲಾದದ್ದನ್ನು ತಾನೇ ಗುರುತಿಸುವ ಗುಣವೊಂದಕ್ಕಾಗಿಯೇ ನಾನು ಆ ಕಷ್ಟವನ್ನು ಒಪ್ಪಿಕೊಂಡೆ. ಆವೃತ್ತಿ ನಿಗದಿಪಡಿಸದ ಅವಲಂಬನೆಗೆ ಹೊಸ ಬಿಡುಗಡೆ ಬಂದರೆ ಮಾತ್ರ ಟಾಕ್ಸ್‌ಗೆ ಅದು ತಿಳಿಯುವುದಿಲ್ಲ. ಎನ್ವಿರಾನ್‌ಮೆಂಟನ್ನು ಮರುನಿರ್ಮಿಸುವ ಆಯ್ಕೆಯನ್ನು ನಾವೇ ಕೊಡಬೇಕು. ಕೋಡು ಬದಲಾದಾಗಲೆಲ್ಲ ಟೆಸ್ಟುಗಳನ್ನು ತಾನಾಗಿ ಓಡಿಸುವ ಸಿಐ ಸರ್ವರಿನಲ್ಲಿ ಬೀಳುವ ಟೆಸ್ಟು ನಮ್ಮ ಲ್ಯಾಪ್‌ಟಾಪಿನಲ್ಲಿ ಪಾಸಾಗುತ್ತಿದ್ದರೆ ನಾನು ಮೊದಲು ನೋಡುವುದು ಇದನ್ನೇ.

ಟೆಸ್ಟಿನ ಅವಲಂಬನೆಗಳನ್ನು ಎಲ್ಲಿ ಬರೆಯಬೇಕು ಎಂಬುದು ಪೈಥಾನ್ ಲೋಕದಲ್ಲಿ ಬಹುಕಾಲ ಇತ್ಯರ್ಥವಾಗದೆ ಉಳಿದಿತ್ತು. ಪ್ಯಾಕೇಜು ಕಟ್ಟುವ ಸಾಧನವಾದ ಸೆಟಪ್‌ಟೂಲ್ಸ್, ಟೆಸ್ಟಿನ ಅವಲಂಬನೆಗಳನ್ನೂ ನೋಡಿಕೊಳ್ಳುತ್ತಿದ್ದ ತನ್ನ ಟೆಸ್ಟ್ ಆಜ್ಞೆಯನ್ನು 2019ರಲ್ಲೇ ಬಳಕೆಗೆ ಯೋಗ್ಯವಲ್ಲವೆಂದು ಸಾರಿತ್ತು. 2024ರ ಜುಲೈನಲ್ಲಿ 72.0.0 ಆವೃತ್ತಿ ಅದನ್ನು ತೆಗೆದುಹಾಕಿದಾಗ, ಆ ಮಾಡ್ಯೂಲನ್ನು ಇಂಪೋರ್ಟ್ ಮಾಡುತ್ತಿದ್ದ ಹಳೆಯ ಪ್ಯಾಕೇಜುಗಳು ಇನ್‌ಸ್ಟಾಲ್ ಆಗುವುದೇ ನಿಂತು, ಬೆನ್ನಲ್ಲೇ 72.1.0ರಲ್ಲಿ ಅದನ್ನು ಮರಳಿಸಬೇಕಾಯಿತು. ಹಲವರು ಹಿಡಿದ ಇನ್ನೊಂದು ದಾರಿಯಾದ, ಐಚ್ಛಿಕ ಅವಲಂಬನೆಗಳ ಎಕ್ಸ್‌ಟ್ರಾ ಪಟ್ಟಿ ಕೆಲಸ ಮಾಡುತ್ತದೆ ನಿಜ, ಆದರೆ ನಮ್ಮ ಮನೆಯೊಳಗಿನ ಸಾಮಾನಿನ ಪಟ್ಟಿ ಪ್ಯಾಕೇಜಿನ ಪ್ರಕಟಿತ ವಿವರಗಳಲ್ಲೂ ಕಾಣಿಸಿಕೊಳ್ಳುತ್ತದೆ. 2024ರ ಅಕ್ಟೋಬರಿನಲ್ಲಿ ಅಂಗೀಕಾರವಾದ ಪೆಪ್ 735 ಎಂಬ ಪೈಥಾನ್ ಸುಧಾರಣಾ ಪ್ರಸ್ತಾವ, ಪ್ಯಾಕೇಜಿನೊಂದಿಗೆ ಪ್ರಕಟವಾಗದ ಡಿಪೆಂಡೆನ್ಸಿ ಗ್ರೂಪುಗಳನ್ನು ಪ್ರಾಜೆಕ್ಟಿನ ಸಂರಚನೆ ಇರುವ ಪೈಪ್ರಾಜೆಕ್ಟ್ ಕಡತದಲ್ಲೇ ಬರೆಯಲು ಅವಕಾಶ ಕೊಟ್ಟಿತು. ಟಾಕ್ಸ್ ಅದನ್ನು ಬೇಗನೆ ಅಳವಡಿಸಿಕೊಂಡಿತು, ಪೈಥಾನಿನ ಇನ್‌ಸ್ಟಾಲರ್ ಆದ ಪಿಪ್‌ನಲ್ಲೂ 25.1ನೆಯ ಆವೃತ್ತಿಯಿಂದ ಈ ಸೌಲಭ್ಯವಿದೆ. ಹೀಗಾಗಿ ಟಾಕ್ಸ್ ಬಳಸದ ಸಹೋದ್ಯೋಗಿಯೂ ಅದೇ ಪಟ್ಟಿಯಿಂದ ಕೆಲಸ ಆರಂಭಿಸಬಹುದು.

ಪೈಥಾನ್ ಕೋಡಿನಲ್ಲೇ ಸಂರಚನೆ ಬರೆಯಬೇಕೆನ್ನುವವರಿಗೆ ನಾಕ್ಸ್ ಎಂಬ ಇದೇ ಬಗೆಯ ಸಾಧನ ಹೆಚ್ಚು ಹಿಡಿಸಬಹುದು. ನನ್ನನ್ನು ಟಾಕ್ಸ್‌ನಲ್ಲೇ ಉಳಿಸಿರುವುದರಲ್ಲಿ, ಯುವಿ ಎಂಬ ವೇಗದ ಇನ್‌ಸ್ಟಾಲರನ್ನು ಬಳಸುವ ಟಾಕ್ಸ್-ಯುವಿ ಪ್ಲಗಿನ್ನಿನ ಪಾಲು ದೊಡ್ಡದು. ಅದರಿಂದ ಎನ್ವಿರಾನ್‌ಮೆಂಟುಗಳು ಬೇಗ ಸಿದ್ಧವಾಗುತ್ತವೆ ಎನ್ನುವುದಕ್ಕಿಂತ, ನಾವು ಬೆಂಬಲಿಸುತ್ತೇವೆಂದು ಘೋಷಿಸಿದ, ಅವಲಂಬನೆಗಳ ಅತ್ಯಂತ ಹಳೆಯ ಆವೃತ್ತಿಗಳನ್ನೇ ಹಾಕಿ ಟೆಸ್ಟ್ ಓಡಿಸುವುದು ಒಂದೇ ಸೆಟ್ಟಿಂಗಿನಿಂದ ಸಾಧ್ಯವಾಗುತ್ತದೆ ಎಂಬುದು ನನಗೆ ಮುಖ್ಯ. ಪಟ್ಟಿಯಲ್ಲಿ ಅಂದಾಜಿನ ಮೇಲೆ ಬರೆದ ಕನಿಷ್ಠ ಆವೃತ್ತಿಗಳಲ್ಲಿ ಎಷ್ಟು ನಿಜವಾಗಿ ಕೆಲಸ ಮಾಡುತ್ತವೆ ಎಂಬುದು ಆಗಲೇ ತಿಳಿಯುವುದು.